ಕಾಯಿಸಿದ ಮೇಲೂ ಅಯಸ್ಕಾಂತಕ್ಕೆ ಅಂಟಿಕೊಂಡರೆ?

ಓದುಗರ ಪ್ರಶ್ನೆ – ವಿಜ್ಞಾನದ ಉತ್ತರ

ಧಾತು, ಮಿಶ್ರಣ, ಸಂಯುಕ್ತಗಳನ್ನು ಕುರಿತ ಪತ್ರಗಳೇ ಈ ತಿಂಗಳು ಹೆಚ್ಚಾಗಿ ಬಂದಿವೆ. ಬಹುತೇಕ ಶಾಲೆಗಳಲ್ಲಿ ಕಬ್ಬಿಣ ಮತ್ತು ಗಂಧಕದ ಪ್ರಯೋಗ ನಡೆಯುವ ಕಾಲ ಇದೇ ಇರಬೇಕು. ಆದ್ದರಿಂದ ಈ ಬಾರಿಯ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪಠ್ಯದಲ್ಲಿರುವಂತೆ 5 ಗ್ರಾಂ ಕಬ್ಬಿಣದ ಪುಡಿ, 3 ಗ್ರಾಂ ಗಂಧಕವನ್ನು ಬೆರೆಸಿ ಒಂದು ಗುಂಪಿಗೆ ಹಾಗೆಯೇ ಕೊಟ್ಟೆ. ಇನ್ನೊಂದು ಗುಂಪಿನದನ್ನು ಪಿಂಗಾಣಿ ಬಟ್ಟಲಿನಲ್ಲಿ ಕೆಂಪಗಾಗುವವರೆಗೆ ಕಾಯಿಸಿದೆ. ಮಿಶ್ರಣದಿಂದ ಅಯಸ್ಕಾಂತವು ಕಬ್ಬಿಣವನ್ನು ಸೆಳೆದುಕೊಂಡಿತು. ಆದರೆ ಕಾಯಿಸಿ ಆರಿಸಿದ ಕಪ್ಪು ಗಟ್ಟಿಯೂ ಅಯಸ್ಕಾಂತಕ್ಕೆ ಅಂಟಿಕೊಂಡಿತು. "ಹಾಗಾದರೆ ಇದು ಇನ್ನೂ ಮಿಶ್ರಣವೇನಾ, ಮೇಡಂ?" ಎಂದು ಹುಡುಗನೊಬ್ಬ ಕೇಳಿದ. ಅಂಟುವುದಿಲ್ಲ ಎಂದೇ ಬರೆದುಕೊಳ್ಳಿ ಎಂದು ಹೇಳಿ ತರಗತಿ ಮುಗಿಸಿದೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.
– ಪ್ರೌಢಶಾಲಾ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಆ ಹುಡುಗನಿಗೆ ನಾಳೆಯೇ "ನೀನು ಹೇಳಿದ್ದು ಸರಿ" ಎಂದು ಹೇಳಿಬಿಡಿ. ನಿಮ್ಮ ಬಟ್ಟಲಿನಲ್ಲಿದ್ದ ಗಟ್ಟಿ ನಿಜಕ್ಕೂ ಒಂದು ಮಿಶ್ರಣವೇ. ಆದರೆ ಅದು ಕಾಯಿಸುವ ಮೊದಲಿದ್ದ ಮಿಶ್ರಣವಲ್ಲ. ಹೊಸದಾಗಿ ಉಂಟಾದ ಕಬ್ಬಿಣದ ಸಲ್ಫೈಡ್ ಎಂಬ ಸಂಯುಕ್ತವೂ, ಕ್ರಿಯೆಯಲ್ಲಿ ಪಾಲ್ಗೊಳ್ಳದೆ ಉಳಿದ ಕಬ್ಬಿಣವೂ ಸೇರಿಕೊಂಡಿರುವ ಮಿಶ್ರಣ. ಅಯಸ್ಕಾಂತ ಹಿಡಿದೆಳೆದದ್ದು ಮುಖ್ಯವಾಗಿ ಆ ಉಳಿದ ಕಬ್ಬಿಣವನ್ನು. ಸಂಯುಕ್ತವು ಅದಕ್ಕೆ ಕಚ್ಚಿಕೊಂಡು ಜೊತೆಯಲ್ಲಿ ಬಂದಿದೆ.

ಕಬ್ಬಿಣ ಉಳಿದದ್ದು ಹೇಗೆ ಎಂಬುದಕ್ಕೆ ಲೆಕ್ಕ ನೋಡೋಣ. ಕಬ್ಬಿಣದ ಪರಮಾಣು ರಾಶಿ 56, ಗಂಧಕದ್ದು 32. ಅಂದರೆ 7 ಗ್ರಾಂ ಕಬ್ಬಿಣಕ್ಕೆ 4 ಗ್ರಾಂ ಗಂಧಕ ಬೇಕು. 5 ಗ್ರಾಂ ಕಬ್ಬಿಣಕ್ಕೆ ಸುಮಾರು 2.86 ಗ್ರಾಂ. ಪಠ್ಯದ 3 ಗ್ರಾಂ ಎಂಬ ಪ್ರಮಾಣದಲ್ಲಿ ಗಂಧಕ ತುಸು ಹೆಚ್ಚೇ ಇದೆ, ಆದ್ದರಿಂದ ದೋಷ ಅಲ್ಲಿಲ್ಲ. ದೋಷವಿರುವುದು ತೆರೆದ ಬಟ್ಟಲಿನಲ್ಲಿ. ಗಂಧಕ ಸುಮಾರು 115 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಇನ್ನಷ್ಟು ಕಾದರೆ ಗಾಳಿಯಲ್ಲಿ ನೀಲಿ ಜ್ವಾಲೆಯಿಂದ ಉರಿದು ಸಲ್ಫರ್ ಡೈಆಕ್ಸೈಡ್ ಆಗಿ ಹೋಗಿಬಿಡುತ್ತದೆ. ಕಾಯಿಸುವಾಗ ಮೂಗಿಗೆ ಘಾಟು ಬಡಿದು ಮಕ್ಕಳು ಕೆಮ್ಮಿದ್ದರೆ, ನಿಮ್ಮ ಗಂಧಕದ ಒಂದು ಪಾಲು ಹೋದದ್ದು ಅಲ್ಲಿಗೆ. ಹೀಗೆ 1 ಗ್ರಾಂ ಗಂಧಕ ಉರಿದುಹೋಯಿತು ಎಂದಿಟ್ಟುಕೊಳ್ಳಿ. ಉಳಿದ 2 ಗ್ರಾಂ ಗಂಧಕವು 3.5 ಗ್ರಾಂ ಕಬ್ಬಿಣದೊಂದಿಗೆ ಮಾತ್ರ ಕೂಡಬಲ್ಲದು, ಮಿಕ್ಕ 1.5 ಗ್ರಾಂ ಕಬ್ಬಿಣ ಕಬ್ಬಿಣವಾಗಿಯೇ ಉಳಿಯುತ್ತದೆ. ಅಷ್ಟು ಕಬ್ಬಿಣವಿದ್ದರೆ ಇಡೀ ಗಟ್ಟಿಯನ್ನು ಅಯಸ್ಕಾಂತ ಎತ್ತಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಕಾರಣ ಪುಡಿಯ ಗಾತ್ರ. ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಚೂರುಗಳನ್ನು ಬಳಸುವ ಶಾಲೆಗಳು ಹಲವು; ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಚೂರು ದಪ್ಪವಾಗಿದ್ದರೆ ಅದರ ಮೈಮೇಲೆ ಮಾತ್ರ ಸಲ್ಫೈಡ್‌ನ ಪದರ ಕಟ್ಟಿ ಒಡಲಿನಲ್ಲಿ ಕಬ್ಬಿಣ ಹಾಗೆಯೇ ಉಳಿಯುತ್ತದೆ. ಗಟ್ಟಿಯನ್ನು ಕುಟ್ಟಾಣಿಯಲ್ಲಿ ಕುಟ್ಟುವಾಗ ಬೂದಿಬಣ್ಣದ ಪುಡಿಯ ನಡುವೆ ಮಿಣುಕುವ ಚೂರುಗಳು ಕಂಡರೆ ಅವು ಇವೇ. ಚೂರುಗಳಿಗೆ ಮೆತ್ತಿರುವ ಎಣ್ಣೆಯೂ ಕ್ರಿಯೆಗೆ ಅಡ್ಡಿ. ಇದಲ್ಲದೆ ತೆರೆದ ಬಟ್ಟಲಿನಲ್ಲಿ ಕೆಂಪಗೆ ಕಾದ ಕಬ್ಬಿಣ ಗಾಳಿಯ ಆಕ್ಸಿಜನ್‌ನೊಂದಿಗೂ ಸೇರಿ ಸ್ವಲ್ಪ ಕಪ್ಪು ಆಕ್ಸೈಡ್ ಆಗುತ್ತದೆ. ಅದನ್ನೂ ಅಯಸ್ಕಾಂತ ಸೆಳೆಯುತ್ತದೆ.

ಮತ್ತೊಮ್ಮೆ ಮಾಡುವುದಾದರೆ ಹೀಗೆ ಮಾಡಿ. ನಯವಾದ ಕಬ್ಬಿಣದ ಪುಡಿ 7 ಗ್ರಾಂ, ಗಂಧಕ 4 ಗ್ರಾಂ ತೂಗಿ, ಒಂದು ಕಾಗದದ ಮೇಲೆ ಸುರಿದು, ಕಾಗದದ ಅಂಚುಗಳನ್ನು ಒಂದಾದ ಮೇಲೊಂದರಂತೆ ಎತ್ತುತ್ತಾ ಬಣ್ಣ ಒಂದೇ ಸಮವಾಗುವವರೆಗೆ ಹೊರಳಿಸಿ. ಈ 11 ಗ್ರಾಂ ಇಡೀ ತರಗತಿಗೆ ಸಾಕು, ಏಕೆಂದರೆ ಒಂದು ಸಲಕ್ಕೆ ಅರ್ಧ ಗ್ರಾಂಗಿಂತ ಹೆಚ್ಚು ಬೇಕಾಗಿಲ್ಲ. ಅದನ್ನು ಚಿಕ್ಕ ಗಟ್ಟಿ ಪ್ರನಾಳದೊಳಗೆ ಹಾಕಿ, ಬಾಯಿಗೆ ಗಾಜಿನ ಉಣ್ಣೆಯನ್ನು ಸಡಿಲವಾಗಿ ತುರುಕಿ, ಇಕ್ಕಳದಲ್ಲಿ ಹಿಡಿದು ತಳವನ್ನು ಮಾತ್ರ ಕಾಯಿಸಿ. ಸ್ಪಿರಿಟ್ ದೀಪದಲ್ಲಿ ತಡವಾಗುತ್ತದೆ. ಗ್ಯಾಸ್ ಬರ್ನರ್ ಇದ್ದರೆ ಒಳ್ಳೆಯದು. ತಳದಲ್ಲಿ ಕೆಂಡದಂತಹ ಒಂದು ಚುಕ್ಕೆ ಕಾಣಿಸಿದೊಡನೆ ಪ್ರನಾಳವನ್ನು ಜ್ವಾಲೆಯಿಂದ ಆಚೆಗೆ ತೆಗೆಯಿರಿ. ತಾನಾಗಿಯೇ ಆ ಕೆಂಪು ಮೇಲಕ್ಕೆ ಹರಿಯುತ್ತಾ ಹೋಗುತ್ತದೆ. ಕೋಣೆಯ ಕಿಟಕಿಗೆ ಪರದೆ ಎಳೆದಿದ್ದರೆ ಕೊನೆಯ ಬೆಂಚಿನವರಿಗೂ ಕಾಣುತ್ತದೆ. ಉರಿ ತೆಗೆದ ಮೇಲೂ ಏಕೆ ಕೆಂಪಗಾಗುತ್ತಿದೆ ಎಂದು ಆಗ ಕೇಳಿ. ಕಬ್ಬಿಣವೂ ಗಂಧಕವೂ ಕೂಡುವಾಗ ಶಾಖ ಹೊರಬೀಳುತ್ತದೆ, ಆ ಶಾಖವೇ ಪಕ್ಕದ ಪದರವನ್ನು ಹೊತ್ತಿಸುತ್ತದೆ ಎಂಬುದನ್ನು ಅವರೇ ಹೇಳುವಂತೆ ಮಾಡಬಹುದು. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಬೆಲೆಬಾಳುವ ಕ್ಷಣ ಇದು. ತೆರೆದ ಬಟ್ಟಲಿನ ಹೊಗೆಯಲ್ಲಿ ಅದು ಕಾಣಸಿಗುವುದು ಕಷ್ಟ.

ಪ್ರನಾಳ ಮತ್ತೆ ಬಳಕೆಗೆ ಬರುವುದಿಲ್ಲ. ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆಯಲ್ಲಿ ಸುತ್ತಿ ಒಡೆದು, ಗಾಜನ್ನು ಬೇರ್ಪಡಿಸಿ, ಗಟ್ಟಿಯನ್ನು ಪುಡಿ ಮಾಡಿ. ಅಯಸ್ಕಾಂತಕ್ಕೆ ಕಾಗದ ಸುತ್ತಿಯೇ ಹತ್ತಿರ ಹಿಡಿಯಿರಿ, ಇಲ್ಲದಿದ್ದರೆ ಅಂಟಿದ ಪುಡಿಯನ್ನು ಬಿಡಿಸುವುದೇ ಒಂದು ಕೆಲಸವಾಗುತ್ತದೆ. ಸಾಧಾರಣ ದಂಡಕಾಂತವೇ ಸಾಕು. ಹಳೆಯ ಸ್ಪೀಕರ್‌ನಿಂದ ಕಿತ್ತ ಬಲವಾದ ಅಯಸ್ಕಾಂತ ತಂದರೆ ಇನ್ನೊಂದು ತೊಡಕಿದೆ. ಕಬ್ಬಿಣ ಮತ್ತು ಗಂಧಕದ ಸಂಯುಕ್ತ ಯಾವಾಗಲೂ ಒಂದಕ್ಕೊಂದು ಎಂಬ ಲೆಕ್ಕದಲ್ಲಿ ಇರುವುದಿಲ್ಲ. 8 ಗಂಧಕದ ಪರಮಾಣುಗಳಿಗೆ 7 ಕಬ್ಬಿಣದ ಪರಮಾಣುಗಳಷ್ಟೇ ಇರುವ ರೂಪವೂ ಉಂಟು. ಪಿರೋಟೈಟ್ ಎಂಬ ಖನಿಜದಲ್ಲಿ ಸಿಗುವ ಈ ರೂಪವನ್ನು ಅಯಸ್ಕಾಂತ ಮೆಲ್ಲಗೆ ಸೆಳೆಯುತ್ತದೆ.

ಇಲ್ಲಿ ಒಂದು ವಿನೋದವಿದೆ. ಸಂಯುಕ್ತದಲ್ಲಿ ಧಾತುಗಳು ನಿಶ್ಚಿತ ಪ್ರಮಾಣದಲ್ಲಿಯೇ ಇರುತ್ತವೆ ಎಂದು ಸ್ಪೇನ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ರಸಾಯನಶಾಸ್ತ್ರಜ್ಞ ಪ್ರೂಸ್ಟ್ 1799ರಲ್ಲಿ ತಾಮ್ರದ ಕಾರ್ಬೊನೇಟನ್ನು ಮುಂದಿಟ್ಟು ಸಾರಿದರು. ನೆಲದಿಂದ ಅಗೆದದ್ದೂ ಪ್ರಯೋಗಾಲಯದಲ್ಲಿ ಮಾಡಿದ್ದೂ ಒಂದೇ ಪ್ರಮಾಣದಲ್ಲಿವೆ ಎಂಬುದು ಅವರ ವಾದವಾಗಿತ್ತು. ಇನ್ನೊಬ್ಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೊಲೆ ಅದನ್ನು ಒಪ್ಪದೆ ಪ್ರಮಾಣ ಬದಲಾಗಬಲ್ಲದು ಎಂದರು. ವರ್ಷಗಳ ಕಾಲ ನಡೆದ ಆ ವಾದದಲ್ಲಿ ಪ್ರೂಸ್ಟ್ ಗೆದ್ದರು, ಗೆದ್ದದ್ದೂ ನ್ಯಾಯವೇ. ಆದರೆ ನೂರು ವರ್ಷಗಳ ಮೇಲೆ ಪ್ರಮಾಣ ಕೊಂಚ ಆಚೀಚೆ ಸರಿಯುವ ಕೆಲವು ಘನ ಸಂಯುಕ್ತಗಳು ಇವೆ ಎಂದು ಗೊತ್ತಾದಾಗ, ರಷ್ಯಾದ ಕುರ್ನಾಕೊವ್ ಅವುಗಳಿಗೆ ಸೋತ ಬರ್ತೊಲೆಯ ಹೆಸರನ್ನೇ ಇಟ್ಟರು. ನಿಶ್ಚಿತ ಪ್ರಮಾಣವನ್ನು ಕಲಿಸಲು ನಾವು ಆರಿಸಿಕೊಂಡಿರುವ ಕಬ್ಬಿಣದ ಸಲ್ಫೈಡ್ ಆ ಗುಂಪಿಗೇ ಸೇರಿದ್ದು. ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೇಳಬೇಕಾಗಿಲ್ಲ. ಶಿಕ್ಷಕರಿಗೆ ತಿಳಿದಿದ್ದರೆ ಸಾಕು.

ಪ್ರಶ್ನೆ: ಗಂಧಕವನ್ನು ಕರಗಿಸಿಕೊಳ್ಳುವ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ನಮ್ಮ ಶಾಲೆಯಲ್ಲಿ ಇಲ್ಲ. ಅದಿಲ್ಲದೆ ಮಿಶ್ರಣದಿಂದ ಗಂಧಕವನ್ನು ಬೇರ್ಪಡಿಸಿ ತೋರಿಸಬಹುದೇ? ಆಮ್ಲ ಹಾಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆಯಿಂದ ಹೋದ ವರ್ಷ ಕೆಲವು ಮಕ್ಕಳಿಗೆ ತಲೆನೋವು ಬಂದಿತ್ತು.
– ವಿಜ್ಞಾನ ಶಿಕ್ಷಕ, ಸಿಂಧನೂರು

ಉತ್ತರ: ಇಲ್ಲದಿರುವುದು ಒಳ್ಳೆಯದೇ ಆಯಿತು, ತರಿಸಲೂ ಹೋಗಬೇಡಿ. ಆ ದ್ರವ 46 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಆವಿ ಹೊತ್ತಿಕೊಳ್ಳಲು ಜ್ವಾಲೆಯೇ ಬೇಕೆಂದಿಲ್ಲ, ಸುಮಾರು 90 ಡಿಗ್ರಿ ಬಿಸಿಯಾಗಿರುವ ತಟ್ಟೆಯೊಂದು ಸಾಕು. ಪಕ್ಕದ ಮೇಜಿನ ಮೇಲೆ ಇನ್ನೊಂದು ಗುಂಪು ಬರ್ನರ್ ಹಚ್ಚಿಕೊಂಡು ಕುಳಿತಿರುವ ಕೋಣೆಯಲ್ಲಿ ಅದರ ಬಾಟಲಿಯ ಮುಚ್ಚಳ ತೆರೆಯುವುದು ನನಗೆ ಸರಿಯೆನಿಸುವುದಿಲ್ಲ. ಸಾಲದ್ದಕ್ಕೆ ಅದು ನರಮಂಡಲಕ್ಕೆ ವಿಷ.

ಅದರ ಬದಲು ಒಂದು ಗಾಜಿನ ಲೋಟದ ತುಂಬ ನೀರು ತೆಗೆದುಕೊಳ್ಳಿ. ಮಿಶ್ರಣವನ್ನು ಚಿಟಿಕೆ ಚಿಟಿಕೆಯಾಗಿ, ರಂಗೋಲಿ ಬಿಟ್ಟಂತೆ, ನೀರಿನ ಮೇಲೆ ಉದುರಿಸಿ. ಕಬ್ಬಿಣ ತಳಕ್ಕೆ ಹೋಗುತ್ತದೆ, ಗಂಧಕದ ಹೆಚ್ಚಿನ ಪಾಲು ಹಳದಿ ಕೆನೆಯಂತೆ ಮೇಲೆ ನಿಲ್ಲುತ್ತದೆ. ಗಂಧಕದ ಸಾಂದ್ರತೆ ನೀರಿನ ಎರಡರಷ್ಟು. ಆದರೂ ತೇಲುವುದು ನೀರು ಅದನ್ನು ನೆನೆಸಲಾರದೆ ಇರುವುದರಿಂದ. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬಿಟ್ಟರೆ ಆ ಕೆನೆಯೂ ಮುಳುಗತೊಡಗುತ್ತದೆ. ಮಕ್ಕಳು ಇನ್ನೊಮ್ಮೆ ತೋರಿಸಿ ಎನ್ನುವುದು ಖಂಡಿತ. ಕಾಯಿಸಿ ಪಡೆದ ಸಂಯುಕ್ತದ ಪುಡಿಯನ್ನು ಅದೇ ರೀತಿ ಇನ್ನೊಂದು ಲೋಟಕ್ಕೆ ಉದುರಿಸಿದರೆ ಹಳದಿ ಎಂಬುದೇ ಕಾಣದೆ ಎಲ್ಲವೂ ತಳ ಸೇರುತ್ತದೆ. ಒಂದು ಎಚ್ಚರಿಕೆ: ದ್ರಾಕ್ಷಿ ತೋಟಕ್ಕೆ ಬೂದಿರೋಗ ಬಂದಾಗ ಸಿಂಪಡಿಸುವ, ರೈತರು ನೀರಿನಲ್ಲಿ ಕರಗುವ ಗಂಧಕ ಎನ್ನುವ ಪುಡಿಯನ್ನು ಇದಕ್ಕೆ ಬಳಸಬೇಡಿ. ಅದೂ ಕರಗುವುದಿಲ್ಲ, ನೀರಿನಲ್ಲಿ ಹರಡಿಕೊಳ್ಳುವಂತೆ ಅದಕ್ಕೆ ಬೇರೆ ಪದಾರ್ಥಗಳನ್ನು ಸೇರಿಸಿರುತ್ತಾರೆ. ಆದ್ದರಿಂದ ಅದು ತೇಲಿ ನಿಲ್ಲದು.

ವಾಸನೆಯ ವಿಷಯ ಇನ್ನೂ ಗಂಭೀರವಾದದ್ದು. ಸಂಯುಕ್ತಕ್ಕೆ ಆಮ್ಲ ಬಿದ್ದಾಗ ಬರುವ ಹೈಡ್ರೋಜನ್ ಸಲ್ಫೈಡ್ ಬರಿಯ ದುರ್ವಾಸನೆಯ ಅನಿಲವಲ್ಲ, ವಿಷಾನಿಲ. ಅತ್ಯಲ್ಪ ಪ್ರಮಾಣದಲ್ಲಿಯೂ ಮೂಗಿಗೆ ಗೊತ್ತಾಗುವ ಈ ಅನಿಲ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ಮುಟ್ಟುವ ಹೊತ್ತಿಗೆ ಮೂಗನ್ನೇ ಮಂಕಾಗಿಸುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವವರು ಅಪಾಯದಲ್ಲಿರುವುದು ಆಗಲೇ. ಆದ್ದರಿಂದ ಗುಂಪುಗುಂಪಾಗಿ ಈ ಪರೀಕ್ಷೆ ಮಾಡಿಸಬೇಡಿ. ಜಗಲಿಯಲ್ಲಿ, ಗಾಳಿ ಬೀಸುವ ಕಡೆ, ಅಕ್ಕಿಕಾಳಿನಷ್ಟು ಸಂಯುಕ್ತಕ್ಕೆ ಒಂದೆರಡು ಹನಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ನೀವೇ ಹಾಕಿ ತೋರಿಸಿ, ಕೂಡಲೇ ಹೆಚ್ಚು ನೀರು ಸುರಿದು ಮುಗಿಸಿ. ಮೂಗನ್ನು ಹತ್ತಿರ ಒಯ್ಯದೆ ಕೈಯಿಂದ ಗಾಳಿ ಬೀಸಿಕೊಂಡು ಒಮ್ಮೆ ಮೂಸಿದರೆ ಸಾಕು. ಉಬ್ಬಸವಿರುವ ಮಕ್ಕಳನ್ನು ಇದರಿಂದಲೂ ಗಂಧಕದ ಹೊಗೆಯಿಂದಲೂ ದೂರವಿಡಿ. ಮಿಶ್ರಣಕ್ಕೆ ಆಮ್ಲ ಹಾಕಿದಾಗ ಕಬ್ಬಿಣದಿಂದ ಹೈಡ್ರೋಜನ್ ಗುಳ್ಳೆಗಳೆದ್ದು ಗಂಧಕ ಹಳದಿಯಾಗಿಯೇ ಉಳಿಯುವುದನ್ನು ಮಾತ್ರ ಅವರು ಸಮೀಪದಿಂದ ನೋಡಲಿ.

ಪ್ರಶ್ನೆ: ಕನ್ನಡದ ಮೇಷ್ಟ್ರು "ಮಾಡು, ತಿನ್ನು, ಬರು" ಇವು ಧಾತುಗಳು ಎನ್ನುತ್ತಾರೆ. ವಿಜ್ಞಾನದ ಟೀಚರ್ ಕಬ್ಬಿಣ, ಗಂಧಕ ಧಾತುಗಳು ಎನ್ನುತ್ತಾರೆ. ಎರಡೂ ಒಂದೇ ಪದವೇ?
– ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಪದ ಒಂದೇ, ಮರಿ, ಅರ್ಥಗಳು ಬೇರೆ. "ಮಾಡುತ್ತಾನೆ" ಎಂಬುದನ್ನು ಬಿಡಿಸುತ್ತಾ ಹೋದರೆ ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯಗಳೆಲ್ಲ ಕಳಚಿ ಕೊನೆಗೆ "ಮಾಡು" ಎಂಬುದು ಉಳಿಯುತ್ತದೆ. ಅದಕ್ಕಿಂತ ಮುಂದೆ ಬಿಡಿಸಿದರೆ ಅರ್ಥ ಉಳಿಯದು. ರಸಾಯನ ಕ್ರಿಯೆಗಳಿಂದ ಎಷ್ಟು ಪ್ರಯತ್ನಿಸಿದರೂ ಇನ್ನಷ್ಟು ಸರಳವಾದ ಪದಾರ್ಥಗಳಾಗಿ ಬಿಡಿಸಲಾಗದ್ದು ವಿಜ್ಞಾನದ ಧಾತು. ಹೋಲಿಕೆ ಇರುವುದು ಇಷ್ಟರಲ್ಲೇ. ಆಯುರ್ವೇದದವರು ರಸ, ರಕ್ತ, ಮಾಂಸ ಎಂದು ಮೊದಲಾಗುವ ಏಳನ್ನು ಧಾತುಗಳೆನ್ನುತ್ತಾರೆ. ಅದು ಮೂರನೆಯ ಅರ್ಥ. ಈ ಗೊಂದಲ ಬೇಡವೆಂದೇ ಇರಬೇಕು, ಹಲವು ಲೇಖಕರು ಮೂಲವಸ್ತು ಎಂಬ ಪದವನ್ನು ಬಳಸುತ್ತಾರೆ. ನನಗೂ ಅದೇ ಇಷ್ಟ, ಆದರೆ ಪರೀಕ್ಷೆಯಲ್ಲಿ ನಿನ್ನ ಪಠ್ಯದ ಪದವನ್ನೇ ಬರೆ.

ಸಂಯುಕ್ತ ಎಂಬ ಪದದಲ್ಲಿಯೂ ಇಂಥದೇ ಒಂದು ಜಾರುವ ಜಾಗವಿದೆ. ಸಂಯುಕ್ತಾಕ್ಷರವಾದ "ಕ್ತ"ದಲ್ಲಿ ಕಕಾರವೂ ತಕಾರವೂ ಕಣ್ಣಿಗೆ ಕಾಣುತ್ತವೆ, ಕಿವಿಗೂ ಕೇಳುತ್ತವೆ. ರಸಾಯನಶಾಸ್ತ್ರದ ಸಂಯುಕ್ತ ಹಾಗಲ್ಲ. ಅದಕ್ಕೆ ವ್ಯಾಕರಣದಿಂದಲೇ ಹೋಲಿಕೆ ಬೇಕಿದ್ದರೆ ಗುಣಸಂಧಿಯನ್ನು ನೆನೆಸಿಕೋ: ಮಹಾ ಮತ್ತು ಈಶ ಸೇರಿ ಮಹೇಶ ಆದಾಗ ಆಕಾರವೂ ಇಲ್ಲ, ಈಕಾರವೂ ಇಲ್ಲ, ಎರಡರಲ್ಲೂ ಇಲ್ಲದ ಏಕಾರ ಬಂದಿದೆ. ಕಬ್ಬಿಣದ ಸಲ್ಫೈಡ್‌ನಲ್ಲಿ ಗಂಧಕದ ಹಳದಿ ಕಾಣದಿರುವುದೂ ಹೀಗೆಯೇ.

ಪ್ರಶ್ನೆ: ಅಯಸ್ಕಾಂತಕ್ಕೆ ಅಂಟಿದರೆ ಧಾತು, ಅಂಟದಿದ್ದರೆ ಸಂಯುಕ್ತ ಎಂದು ನನ್ನ ಮಗ ಬರೆದಿದ್ದಕ್ಕೆ ಅಂಕ ಕೊಟ್ಟಿಲ್ಲ. ಪ್ರಯೋಗದಲ್ಲಿ ಹಾಗೆಯೇ ಆಯಿತಲ್ಲ?
– ಒಬ್ಬ ತಂದೆ, ಹೊಸಪೇಟೆ

ಉತ್ತರ: ಅಂಕ ಕೊಡದಿದ್ದದ್ದು ಸರಿ, ಆದರೆ ನಿಮ್ಮ ಮಗ ದಾರಿ ತಪ್ಪಿದ್ದಕ್ಕೆ ಕಾರಣ ಪ್ರಯೋಗವನ್ನು ಒಂದೇ ಪರೀಕ್ಷೆಗೆ ನಿಲ್ಲಿಸಿದ್ದು. ಗಂಧಕವೂ ಧಾತುವೇ, ಅಂಟಲಿಲ್ಲವಲ್ಲ! ತಾಮ್ರ, ಚಿನ್ನ, ಅಲ್ಯೂಮಿನಿಯಂ ಧಾತುಗಳಾಗಿದ್ದರೂ ಅಂಟುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಬಲವಾಗಿ ಅಂಟುವ ಧಾತುಗಳು ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಇಷ್ಟೇ ಎನ್ನಬಹುದು. ಇನ್ನು ಅಂಟುವ ಸಂಯುಕ್ತ ಬೇಕಿದ್ದರೆ ಮಳೆ ಬಿಟ್ಟ ಮೇಲೆ ಮಣ್ಣಿನ ರಸ್ತೆಯ ಪಕ್ಕದಲ್ಲಿ ನೀರು ಹರಿದು ಕಪ್ಪು ಮರಳು ಗೆರೆಗಟ್ಟಿರುವ ಕಡೆ ಅಯಸ್ಕಾಂತವನ್ನು ಆಡಿಸಿ ನೋಡಿ. ಮುಳ್ಳುಮುಳ್ಳಾಗಿ ಎದ್ದು ಅಂಟುವ ಆ ಕಣಗಳಲ್ಲಿ ಬಹುಪಾಲು ಮ್ಯಾಗ್ನೆಟೈಟ್, ಕಬ್ಬಿಣ ಮತ್ತು ಆಕ್ಸಿಜನ್‌ಗಳ ಸಂಯುಕ್ತ. ಕುದುರೆಮುಖದಲ್ಲಿ ತೆಗೆಯುತ್ತಿದ್ದ ಅದಿರು ಇದೇ. ನಿಮ್ಮ ಪಕ್ಕದ ಸಂಡೂರಿನ ಹೆಮಟೈಟ್ ಕೂಡ ಕಬ್ಬಿಣ ಮತ್ತು ಆಕ್ಸಿಜನ್‌ಗಳದ್ದೇ, ಆದರೆ ಅದನ್ನು ಅಯಸ್ಕಾಂತ ಹೆಚ್ಚು ಗಮನಿಸುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಕದ ಕೆಲಸವಿದೆ. ಹಿತ್ತಾಳೆ ಮಿಶ್ರಣ ಎಂದು ಪುಸ್ತಕದಲ್ಲಿದೆ. ಆದರೆ ಹಿತ್ತಾಳೆಯಿಂದ ತಾಮ್ರವನ್ನು ಸೋಸಿ ತೆಗೆಯಲು ಆಗುವುದಿಲ್ಲವಲ್ಲ?
– ಪಿಯುಸಿ ವಿದ್ಯಾರ್ಥಿ, ನಾಗಮಂಗಲ

ಉತ್ತರ: ಸೋಸಲು ಬರುವುದಿಲ್ಲ, ಆದರೆ ನಿಮ್ಮ ಮನೆಯ ಮೂಸೆಯಲ್ಲಿಯೇ ಉತ್ತರವಿದೆ. ಹಿತ್ತಾಳೆ ಕರಗಿಸುವಾಗ ಬಿಳಿಯ ಹೊಗೆ ಏಳುವುದನ್ನು ನೀವು ನೋಡಿರುತ್ತೀರಿ. ಸತು 907 ಡಿಗ್ರಿಯಲ್ಲಿಯೇ ಕುದಿಯುತ್ತದೆ, ತಾಮ್ರ ಕರಗಲಿಕ್ಕೇ 1085 ಡಿಗ್ರಿ ಬೇಕು. ಆದ್ದರಿಂದ ಕಾದ ಎರಕದಿಂದ ಸತುವಿನ ಆವಿ ಹೊರಟು, ಗಾಳಿಯಲ್ಲಿ ಉರಿದು ಬಿಳಿಯ ಸತುವಿನ ಆಕ್ಸೈಡ್ ಆಗುತ್ತದೆ. ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ, ಜೋಪಾನ. ಎರಡನೆಯದಾಗಿ ಹಿತ್ತಾಳೆಗೆ ಒಂದೇ ಲೆಕ್ಕವಿಲ್ಲ. 70 ಪಾಲು ತಾಮ್ರಕ್ಕೆ 30 ಪಾಲು ಸತು ಹಾಕಿದರೂ ಹಿತ್ತಾಳೆ, 60ಕ್ಕೆ 40 ಹಾಕಿದರೂ ಹಿತ್ತಾಳೆ. ಬಣ್ಣ, ಗಡಸು ಬದಲಾಗುತ್ತವೆ ಅಷ್ಟೆ. ಕಬ್ಬಿಣದ ಸಲ್ಫೈಡ್‌ಗೆ ಹೀಗೆ ಮನಬಂದಷ್ಟು ಕಬ್ಬಿಣ ಸುರಿಯಲು ಬರುವುದಿಲ್ಲ, ಹೆಚ್ಚಾದದ್ದು ಬೇರೆಯಾಗಿ ಉಳಿದುಬಿಡುತ್ತದೆ.

ಆದರೂ ಮಿಶ್ರಣದಲ್ಲಿ ಘಟಕಗಳ ಗುಣ ಹಾಗೆಯೇ ಉಳಿಯುತ್ತದೆ ಎಂಬ ಪುಸ್ತಕದ ಮಾತನ್ನು ಮಿಶ್ರಲೋಹಗಳ ಮಟ್ಟಿಗೆ ಸಡಿಲವಾಗಿ ಹಿಡಿಯಬೇಕು. ಅಡುಗೆಮನೆಯ ಸ್ಟೀಲ್ ಲೋಟಗಳಲ್ಲಿ ಹಲವನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಅಂಥ ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 70 ಪಾಲು ಕಬ್ಬಿಣವೇ ಇರುತ್ತದೆ. ಜೊತೆಗಿರುವ ಕ್ರೋಮಿಯಂ, ಅದರಲ್ಲೂ ನಿಕ್ಕಲ್, ಪರಮಾಣುಗಳ ಜೋಡಣೆಯನ್ನೇ ಬದಲಿಸಿರುತ್ತವೆ.

ಪ್ರಶ್ನೆ: ಹೋದ ವರ್ಷ ಮಿಕ್ಕಿದ್ದ ಕಬ್ಬಿಣ–ಗಂಧಕದ ಮಿಶ್ರಣ ಬಾಟಲಿಯಲ್ಲಿಯೇ ಕಪ್ಪಾಗಿ ಗಟ್ಟಿಯಾಗಿದೆ. ಕಾಯಿಸದೆಯೇ ಸಂಯುಕ್ತವಾಗುತ್ತದೆಯೇ?
– ಪ್ರಯೋಗಾಲಯ ಸಹಾಯಕ, ಮಡಿಕೇರಿ

ಉತ್ತರ: ನಿಮ್ಮ ಊರಿನ ಮಳೆಗಾಲದಲ್ಲಿ ಆಗುತ್ತದೆ. ಮುಚ್ಚಳ ಸಡಿಲವಿದ್ದು ತೇವ ಸೇರಿದರೆ ಕಬ್ಬಿಣದ ಒಂದಷ್ಟು ಪಾಲು ತುಕ್ಕು ಹಿಡಿಯುತ್ತದೆ, ಒಂದಷ್ಟು ಗಂಧಕದೊಂದಿಗೆ ನಿಧಾನವಾಗಿ ಕೂಡುತ್ತದೆ. ನಿಧಾನವಾದರೂ ಶಾಖ ಹೊರಬೀಳುತ್ತಲೇ ಇರುತ್ತದೆ. ರಾಶಿ ದೊಡ್ಡದಿದ್ದರೆ ಆ ಶಾಖ ಒಳಗೇ ಸಿಕ್ಕಿಹಾಕಿಕೊಂಡು ಏರುತ್ತದೆ. ಫ್ರಾನ್ಸ್‌ನ ನಿಕೊಲಾ ಲೆಮರಿ ಕಬ್ಬಿಣದ ಪುಡಿ ಮತ್ತು ಗಂಧಕವನ್ನು ನೀರಿನಲ್ಲಿ ಕಲಸಿ ನೆಲದಲ್ಲಿ ಹೂತಿಟ್ಟು, ಕೆಲವು ಗಂಟೆಗಳ ಮೇಲೆ ಮಣ್ಣು ಉಬ್ಬಿ ಬಿರಿದು ಬಿಸಿಯ ಹೊಗೆ ಬಂದದ್ದನ್ನು 1700ರಲ್ಲಿ ವರದಿ ಮಾಡಿದರು. ಜ್ವಾಲಾಮುಖಿಗಳು ಉಂಟಾಗುವುದು ಹೀಗೆಯೇ ಎಂದು ಅವರು ಭಾವಿಸಿದ್ದು ತಪ್ಪು, ಕಂಡದ್ದು ಮಾತ್ರ ನಿಜ.

ನಿಮ್ಮಲ್ಲಿರುವುದು ಕೆಲವೇ ಗ್ರಾಂಗಳಾದರೆ ಬೆಂಕಿಯ ಭಯವಿಲ್ಲ. ಮುಂದಿನ ವರ್ಷದಿಂದ ಎರಡನ್ನೂ ಬೇರೆ ಬೇರೆ ಒಣ ಬಾಟಲಿಗಳಲ್ಲಿಟ್ಟು, ಪ್ರಯೋಗದ ದಿನ ಬೇಕಾದಷ್ಟನ್ನು ಮಾತ್ರ ಬೆರೆಸಿ. ಈಗ ಇರುವ ಗಟ್ಟಿಯನ್ನು ಆಮ್ಲದ ಬಾಟಲಿಗಳಿರುವ ಕಪಾಟಿನಿಂದ ಇಂದೇ ಆಚೆಗೆ ತೆಗೆದಿಡಿ, ಆಮ್ಲ ಚೆಲ್ಲುವ ತೊಟ್ಟಿಗಂತೂ ಹಾಕಲೇಬೇಡಿ.